ಇಂಬಳದ ನಾಡಿನಲ್ಲಿ ರಕ್ತಪಿಶಾಚಿ

ಇಂದಿನ ಮಾತು ಭಯದ ಕಥೆಯನ್ನು ಕುರಿತದ್ದು. ಅದರಲ್ಲೂ ರಕ್ತ ಕುಡಿಯುವ ಪಿಶಾಚಿಯ ಕಥೆ. ಹೈಸ್ಕೂಲಿನಲ್ಲೋ ಪಿಯುಸಿಯಲ್ಲೋ ಓದುವ ನಾಲ್ವರು ಗೆಳೆಯರು, ಒಂದು ಹಾಳು ಬಂಗಲೆ, ನಡುರಾತ್ರಿ, ಕುತ್ತಿಗೆಯ ಮೇಲೆ ಎರಡು ಹಲ್ಲಿನ ಗುರುತು. ಈ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಸಿನಿಮಾದಲ್ಲಿ ನೋಡಿದ್ದಾರೆ, ಮೊಬೈಲಿನಲ್ಲಿ ನೋಡಿದ್ದಾರೆ. ಇದನ್ನೇ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ತಂದು ಕನ್ನಡದಲ್ಲಿ ಬರೆಯಬೇಕೆಂಬ ಆಸೆ ಬರೆಯುವ ಎಳೆಯರಿಗೆ ಹುಟ್ಟುವುದು ಸಹಜ. ಜಾಗವೇನೋ ಹೇಳಿ ಮಾಡಿಸಿದಂತಿದೆ. ಮಂಜಿದೆ. ಬಿಡದ ಮಳೆಯಿದೆ. ಬ್ರಿಟಿಷರ ಕಾಲದ ಬಂಗಲೆಗಳಿವೆ. ಮಳೆಗಾಲದಲ್ಲಿ ಮಧ್ಯಾಹ್ನವೇ ಮಬ್ಬು ಕವಿಯುವ ಮರಗಳ ನೆರಳಿದೆ. ಆದರೂ ತಂದು ನೆಟ್ಟ ಕೂಡಲೇ ಆ ಕಥೆ ಇಲ್ಲಿ ಬಾಡುತ್ತದೆ. ಯಾಕೆ ಬಾಡುತ್ತದೆ? ಅದು ಈ ಮಣ್ಣಿನಲ್ಲಿ ಬೇರು ಬಿಡಬೇಕಾದರೆ ಏನು ಮಾಡಬೇಕು? ಈ ಹೊತ್ತಿನ ನನ್ನ ವಿಷಯ ಇದೊಂದೇ.

ಬಾಡುವ ಕಾರಣ ನಮ್ಮ ಕಾಲ ಬುಡದಲ್ಲೇ ಇದೆ. ಅದರ ಹೆಸರು ಇಂಬಳ. ಕೆಲವರು ಉಂಬಳ ಅನ್ನುತ್ತಾರೆ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ತರಗೆಲೆಯ ಅಡಿಯಿಂದ ಅದು ಎದ್ದು ಬರುತ್ತದೆ. ದಾರದ ಎಳೆಯಷ್ಟು ಸಣ್ಣ. ಹಿಂದಿನ ತುದಿಯನ್ನು ಎಲೆಗೆ ಊರಿ, ಮುಂದಿನ ತುದಿಯನ್ನು ಗಾಳಿಗೆ ಎತ್ತಿ, ಆಚೀಚೆ ತೂಗುತ್ತ ನಿಲ್ಲುತ್ತದೆ. ಮೈಯ ಬಿಸಿ, ಉಸಿರಿನ ಸುಳಿವು, ಹೆಜ್ಜೆಯ ಅದುರು, ಯಾವುದು ಸಿಕ್ಕರೂ ಸಾಕು, ಗೇಣು ಹಾಕಿದ ಹಾಗೆ ಬಾಗಿ ಬಾಗಿ ಅತ್ತ ಬರುತ್ತದೆ. ಶಾಲೆಗೆ ಹೊರಟ ಮಗುವಿನ ಕಾಲುಚೀಲದ ನೂಲಿನ ಸಂದಿಯಲ್ಲೂ ನುಸುಳುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಅದರ ಜೊಲ್ಲಿನಲ್ಲಿದೆ. ಹೀಗಾಗಿ ಅದು ಹೊಟ್ಟೆ ತುಂಬ ಕುಡಿದು, ಉಬ್ಬಿ, ತಾನಾಗಿ ಉದುರಿಬಿದ್ದ ಮೇಲೂ ಗಾಯ ಒಸರುತ್ತಲೇ ಇರುತ್ತದೆ. ಬೆಂಚಿನ ಕೆಳಗೆ ರಕ್ತ ಕಂಡಾಗಲೇ ಮಗುವಿಗೆ ತಿಳಿಯುವುದು. ಆಗಲೂ ಅದು ಚೀರುವುದಿಲ್ಲ. ಕಾಲು ಒರೆಸಿಕೊಂಡು ಪಾಠ ಕೇಳುತ್ತದೆ. ತೋಟದ ಕೆಲಸಕ್ಕೆ ಹೋಗುವ ಹೆಂಗಸರ ಮಡಿಲಲ್ಲಿ ಸುಣ್ಣವೋ ಉಪ್ಪೋ ಹೊಗೆಸೊಪ್ಪೋ ಇರುತ್ತದೆ, ಅಷ್ಟೇ. ಈಗ ಹೇಳಿ. ಸದ್ದಿಲ್ಲದೆ ಬರುವುದು, ನೋವಿಲ್ಲದೆ ಕಚ್ಚುವುದು, ಕುಡಿದು ಕೊಬ್ಬುವುದು, ರಕ್ತಪಿಶಾಚಿ ಡ್ರಾಕುಲಾ ಮಾಡುವ ಕೆಲಸವನ್ನೆಲ್ಲ ಇಂಬಳ ಮಾಡುತ್ತದೆ. ಇನ್ನು ಪಿಶಾಚಿ ಕಥೆಗಳ ಬಾವಲಿಯ ಮಾತು. ರಕ್ತ ಕುಡಿದೇ ಬದುಕುವ ಬಾವಲಿ ಜಗತ್ತಿನಲ್ಲಿ ಮೂರೇ ಜಾತಿ. ಮೂರೂ ಅಮೆರಿಕ ಖಂಡದವು. ನಮ್ಮ ತೋಟದ ಬಾವಲಿ ಕಾಫಿ ಹಣ್ಣಿನ ಸಿಹಿ ಹೀರಿ ಬೀಜವನ್ನು ಗಿಡದ ಬುಡಕ್ಕೆ ಉಗಿಯುತ್ತದೆ. ಹೀಗಿರುವಾಗ ಇದೇ ಸೀಮೆಯ ಕಳಸದ ಹುಡುಗನನ್ನು ಬರೀ ರಕ್ತ ತೋರಿಸಿ ಹೆದರಿಸುವುದು ಆಗದ ಮಾತು.

ಹಾಗಾದರೆ ಈ ಕಥೆಯ ಭಯ ಎಲ್ಲಿದೆ? ಅದು ಹುಟ್ಟಿದ ಊರಿಗೇ ಹೋಗಿ ನೋಡೋಣ. ಸರ್ಬಿಯಾ ದೇಶದ ಒಂದು ಹಳ್ಳಿ, 1725ನೇ ಇಸವಿ. ಪೀಟರ್ ಬ್ಲಾಗೊಯೆವಿಚ್ ಎಂಬ ರೈತ ತೀರಿಕೊಂಡ. ಅವನು ಸತ್ತ ಸ್ವಲ್ಪ ದಿನಕ್ಕೆ, ಒಂದೇ ವಾರದ ಅಂತರದಲ್ಲಿ, ಸುಮಾರು ಒಂಬತ್ತು ಜನ ಸತ್ತರು. ಸಾಯುವ ಮುನ್ನ ಅವರು ಹೇಳಿದ್ದು ಒಂದೇ ಮಾತು: ಪೀಟರ್ ರಾತ್ರಿ ಬಂದಿದ್ದ. ಹಳ್ಳಿಯವರು ಹೆಣ ತೆಗೆದು ಎದೆಗೆ ಗೂಟ ಹೊಡೆದು ಸುಟ್ಟರು. ಸರ್ಕಾರಿ ಅಧಿಕಾರಿಯ ವರದಿ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು. ಯುರೋಪಿನ ಓದುಬರಹದ ಜನ ರಕ್ತಪಿಶಾಚಿಯ ಮಾತಾಡತೊಡಗಿದ್ದು ಇಂಥ ವರದಿಗಳಿಂದ. ಇಲ್ಲಿ ಗಮನಿಸಬೇಕಾದದ್ದು, ಬಂದವನು ದೂರದ ಕೋಟೆಯ ದೊರೆ ಆಗಿರಲಿಲ್ಲ. ಪಕ್ಕದ ಮನೆಯವನು. ಇನ್ನೊಂದು ನಿದರ್ಶನ ಅಮೆರಿಕದ ರೋಡ್ ಐಲೆಂಡ್ ರಾಜ್ಯದ್ದು. ಅಲ್ಲಿ ಬ್ರೌನ್ ಎಂಬ ರೈತ ಕುಟುಂಬಕ್ಕೆ ಕ್ಷಯ ಹೊಕ್ಕಿತು. ತಾಯಿ ಹೋದಳು, ಹಿರಿಯ ಮಗಳು ಹೋದಳು. 1892ರ ಜನವರಿಯಲ್ಲಿ ಕಿರಿಯವಳು ಮರ್ಸಿ ಹೋದಳು. ಅವಳಿಗೆ ಹತ್ತೊಂಬತ್ತು ವರ್ಷ. ಅಣ್ಣ ಎಡ್ವಿನ್ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಯಾರೋ ಎದ್ದು ಬಂದು ಇವನ ರಕ್ತ ಹೀರುತ್ತಿದ್ದಾರೆ ಎಂದು ನೆರೆಯವರು ನಂಬಿದರು. ಮಾರ್ಚ್ ತಿಂಗಳಲ್ಲಿ ಹೆಣಗಳನ್ನು ತೆಗೆದು ನೋಡಿದರು. ತಾಯಿ, ಅಕ್ಕ ಇಬ್ಬರದೂ ಬಹುಮಟ್ಟಿಗೆ ಎಲುಬಾಗಿತ್ತು. ಕೊರೆಯುವ ಚಳಿಯಲ್ಲಿದ್ದ ಮರ್ಸಿಯ ದೇಹ ಕೆಟ್ಟಿರಲಿಲ್ಲ, ಹೃದಯದಲ್ಲಿ ರಕ್ತವಿತ್ತು. ಆ ಹೃದಯವನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ, ಅಣ್ಣನಿಗೆ ಕುಡಿಸಿದರು. ಎರಡು ತಿಂಗಳಲ್ಲಿ ಅವನೂ ಸತ್ತ. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ಪತ್ತೆ ಮಾಡಿ ಹತ್ತು ವರ್ಷ ಆಗಿತ್ತು.

ಇಷ್ಟು ಹೊತ್ತು ಹೇಳಿದ್ದನ್ನು ಕೂಡಿಸಿಕೊಳ್ಳೋಣ. ರಕ್ತ ಈ ಕಥೆಯ ಹೊರಮೈ. ಒಳಗಿನ ತಿರುಳು ಬೇರೆ. ಮನೆಯೊಂದರಲ್ಲಿ ಒಬ್ಬರ ಹಿಂದೆ ಒಬ್ಬರು ಬತ್ತಿ ಸಾಯುತ್ತಾರೆ. ರೋಗ ನಿಜಕ್ಕೂ ಹತ್ತಿರದವರಿಂದ ಹತ್ತಿರದವರಿಗೇ ದಾಟುತ್ತದೆ. ಕಾರಣ ಗೊತ್ತಿಲ್ಲದ ಜನ ಅದನ್ನು ಸತ್ತವರ ತಲೆಗೆ ಕಟ್ಟುತ್ತಾರೆ. ಪ್ರೀತಿಸಿದವರೇ ಕೊಲ್ಲಲು ಬರುತ್ತಾರೆ ಎಂಬುದು ಇಲ್ಲಿಯ ಭಯ. ಈ ಭಯಕ್ಕೆ ಕನ್ನಡದಲ್ಲಿ ಮಾತಿಲ್ಲವೇ? ಧಾರಾಳವಾಗಿ ಇದೆ. ಆದರೆ ನಮ್ಮ ಜನ ಅದನ್ನು ಹೇಳುವ ರೀತಿ ಬೇರೆ. ನಮ್ಮ ದೆವ್ವದ ಕಥೆಗಳಲ್ಲಿ ದೆವ್ವ ಸಾಮಾನ್ಯವಾಗಿ ರಕ್ತ ಕುಡಿಯುವುದಿಲ್ಲ. ಅದನ್ನು ಕಂಡವನು ಮನೆಗೆ ಬಂದು ರಕ್ತ ಕಾರಿ ಸಾಯುತ್ತಾನೆ. ರಕ್ತ ಕಾರಿ ಸತ್ತ ಎಂಬ ಮಾತು ಎಷ್ಟು ಬಳಕೆಯದೆಂದರೆ ಅದರ ಅರ್ಥವನ್ನು ನಾವು ನಿಂತು ಯೋಚಿಸುವುದೇ ಇಲ್ಲ. ಕೆಮ್ಮಿ ಕೆಮ್ಮಿ ಬಾಯಲ್ಲಿ ರಕ್ತ ಬಂದು ಸತ್ತ ಕ್ಷಯರೋಗಿಯ ನೆನಪು ಆ ಮಾತಿನೊಳಗೆ ಉಳಿದಿದೆ ಎಂದು ನಾನು ತಿಳಿದಿದ್ದೇನೆ. ಒಂದೇ ರೋಗ ಅಲ್ಲಿ ರಕ್ತ ಹೀರುವವನಾಗಿದೆ, ಇಲ್ಲಿ ರಕ್ತ ಕಾರಿಸುವವನಾಗಿದೆ. ರಕ್ತ ಕುಡಿಯದ ನಮ್ಮ ಬೇತಾಳವನ್ನು ಇಂಗ್ಲಿಷಿಗೆ ತಂದ ರಿಚರ್ಡ್ ಬರ್ಟನ್ 1870ರಲ್ಲಿ ತನ್ನ ಪುಸ್ತಕದ ಹೆಸರಿನಲ್ಲೇ ಅದನ್ನು ರಕ್ತಪಿಶಾಚಿ ಎಂದು ಕರೆದ. ಅದು ಹೊಂದುವ ಹೆಸರಲ್ಲ. ವಿಕ್ರಮನ ಹೆಗಲೇರಿದ ಬೇತಾಳ ರಕ್ತ ಕೇಳುವುದಿಲ್ಲ, ಉತ್ತರ ಕೇಳುತ್ತದೆ.

ಇನ್ನು ಬಾಗಿಲಿನ ವಿಷಯ. ಬ್ರಾಮ್ ಸ್ಟೋಕರ್ ಬರೆದ ಡ್ರಾಕುಲಾ ಕಾದಂಬರಿಯಲ್ಲಿ ಒಂದು ನಿಯಮವಿದೆ. ಮನೆಯವರು ಯಾರಾದರೂ ಕರೆಯದೆ ರಕ್ತಪಿಶಾಚಿ ಮೊದಲ ಸಲ ಹೊಸ್ತಿಲು ದಾಟಲಾರದು. ನಮ್ಮಲ್ಲಿಯೂ ಹೊಸ್ತಿಲೇ ಗಡಿ. ರಾತ್ರಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಒಂದೇ ಕೂಗಿಗೆ ಓಗೊಡಬಾರದು, ಮೂರು ಸಲ ಕರೆದ ಮೇಲೆಯೇ ಬಾಗಿಲು ತೆಗೆಯಬೇಕು ಎಂದು ಹಿರಿಯರು ಹೇಳುತ್ತಿದ್ದರು. ದೆವ್ವ ಮೂರು ಸಲ ಕರೆಯುವುದಿಲ್ಲವಂತೆ. ಅದು ಬರುವುದು ಗುರುತಿನವರ ದನಿಯಲ್ಲಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ಬೇರೆ ಊರುಗಳಲ್ಲೂ ಮನೆಯ ಬಾಗಿಲ ಮೇಲೆ ನಾಳೆ ಬಾ ಎಂದು ಬರೆದದ್ದು ನಿಮಗೆ ನೆನಪಿರಬಹುದು. ತಾಯಿಯ ದನಿಯಲ್ಲೋ ಅಣ್ಣನ ದನಿಯಲ್ಲೋ ಕರೆಯುವ ಹೆಣ್ಣುದೆವ್ವವನ್ನು ದಿನದಿನವೂ ಮುಂದೂಡುವ ಉಪಾಯ ಅದು. ನನಗೆ ಆ ಎರಡು ಪದ ತುಂಬ ಹಿಡಿಸುತ್ತವೆ. ಬಾ ಅನ್ನುವುದನ್ನು ಹೇಳಿಯೂ ಒಳಗೆ ಬಿಡದ ಜಾಣತನ ಅದರಲ್ಲಿದೆ. ಬಂದವರನ್ನು ಬರಬೇಡ ಅನ್ನಲು ನಮ್ಮ ನಾಲಿಗೆ ಏಳುವುದಿಲ್ಲ, ದೆವ್ವಕ್ಕೂ ಏಳುವುದಿಲ್ಲ. ಈಗ ತೋಟದ ಲೈನು ಮನೆಯನ್ನು ನೆನೆಸಿಕೊಳ್ಳಿ. ಉದ್ದಕ್ಕೆ ಒಂದೇ ಮಾಡು, ಸಾಲಾಗಿ ಕೋಣೆ, ಕೋಣೆಗೊಂದು ಬಾಗಿಲು. ಆಷಾಢದ ಮಳೆ ಹಂಚಿನ ಮೇಲೆ ಸುರಿಯುತ್ತಿದೆ. ಪಕ್ಕದ ಕೋಣೆಯ ಮಾತೂ ಕೇಳದಷ್ಟು ಸದ್ದು. ಆ ಸದ್ದಿನ ನಡುವೆ ಗೆಳೆಯನ ದನಿ ನಿಮ್ಮ ಹೆಸರು ಹಿಡಿದು ಒಂದು ಸಲ ಕರೆಯುತ್ತದೆ. ಕೋರೆಹಲ್ಲು ಬೇಕಿಲ್ಲ, ಕಪ್ಪು ನಿಲುವಂಗಿ ಬೇಕಿಲ್ಲ.

ರಕ್ತ ಹೊರಮೈ, ಗುರುತಿನ ದನಿ ತಿರುಳು ಎಂದೆ. ಕಾಫಿ ಸೀಮೆಗೆ ಇದು ಇನ್ನೂ ಆಳವಾಗಿ ಸೇರುತ್ತದೆ. ಯಾಕೆಂದರೆ ರಾತ್ರಿ ಬಂದು ರಕ್ತ ಕುಡಿದು ಮನೆಗಳನ್ನು ಬರಿದು ಮಾಡಿದ್ದೊಂದು ಈ ಬೆಟ್ಟಗಳಲ್ಲಿ ನಿಜವಾಗಿ ಇತ್ತು. ಡ್ರಾಕುಲಾ ಕಾದಂಬರಿ ಲಂಡನ್ನಿನಲ್ಲಿ ಪ್ರಕಟವಾದದ್ದು 1897ರ ಮೇ ತಿಂಗಳಲ್ಲಿ. ಮೂರು ತಿಂಗಳು ತುಂಬುವ ಮೊದಲೇ, ಅದೇ ವರ್ಷದ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡರು. ಕಲ್ಪನೆಯ ರಕ್ತಪಿಪಾಸು ಮತ್ತು ನಿಜದ ರಕ್ತಪಿಪಾಸು ಒಂದೇ ವರ್ಷ ಬೆಳಕಿಗೆ ಬಂದವು. ರಕ್ತ ಕುಡಿಯುವುದು ಹೆಣ್ಣು ಸೊಳ್ಳೆ ಮಾತ್ರ, ಅದೂ ಮೊಟ್ಟೆಗಾಗಿ. ಮಲೇರಿಯಾ ಹರಡುವ ಸೊಳ್ಳೆ ಕತ್ತಲಾದ ಮೇಲೆ ಬರುತ್ತದೆ. ಬೆಟ್ಟದ ಝರಿಯ ಅಂಚಿನ ನಿಧಾನದ ನೀರಿನಲ್ಲಿ ಅದು ಹುಟ್ಟುತ್ತದೆ. ಮಲೆನಾಡಿನ ಚಳಿಜ್ವರ ಊರೂರನ್ನೇ ಸೊರಗಿಸಿದ ಕಾಲವದು. ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದು, ಮುಖ ಬಿಳಿಚಿ, ಕೈಕಾಲು ಕಡ್ಡಿಯಾದ ಮಕ್ಕಳು ಅಂದಿನ ಮಲೆನಾಡಿನ ಗುರುತೇ ಆಗಿದ್ದರು. ರಕ್ತ ಹೀರಿಸಿಕೊಂಡವರ ಚಿತ್ರ ಬೇಕಾದರೆ ಇದಕ್ಕಿಂತ ಬೇರೆ ಬೇಕೇ? 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಕೈಗೊಂಡಾಗ ಆರಿಸಿಕೊಂಡ ಜಾಗಗಳಲ್ಲಿ ಇದೇ ಕಾಫಿ ಸೀಮೆಯ ಮೂಡಿಗೆರೆಯೂ ಒಂದು. ದೇಶ ಮಲೇರಿಯಾ ನಿಯಂತ್ರಣದ ದೊಡ್ಡ ಕಾರ್ಯಕ್ರಮವನ್ನು ಆರಂಭಿಸಿದ್ದು 1953ರಲ್ಲಿ. ಆ ಹೊತ್ತಿಗೆ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಜ್ವರ, ಎಂಟು ಲಕ್ಷ ಸಾವು ಎಂಬ ಅಂದಾಜಿತ್ತು. ಜ್ವರಕ್ಕೆ ಹೆದರಿ ಜನ ಬಿಟ್ಟುಹೋದ ಮನೆಯನ್ನು ಮುಂದಿನ ತಲೆಮಾರು ದೆವ್ವದ ಮನೆ ಎಂದು ಕರೆದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಈಗ ಗೆಳೆಯರ ಮಾತಿಗೆ ಬರೋಣ. ಈ ಕಥೆಗೆ ಹರೆಯದವರೇ ಯಾಕೆ ಬೇಕು? ಮಕ್ಕಳು ಬಾಗಿಲು ತೆಗೆಯುವ ಮುನ್ನ ತಾಯಿಯನ್ನು ಕೇಳುತ್ತಾರೆ. ದೊಡ್ಡವರು ಯಾರೆಂದು ವಿಚಾರಿಸುತ್ತಾರೆ. ಗೆಳೆಯನ ಒಂದೇ ಕೂಗಿಗೆ ಚಿಲಕ ತೆಗೆಯುವುದು ಹದಿನಾರು ಹದಿನೇಳರ ವಯಸ್ಸು. ಆ ವಯಸ್ಸಿಗೆ ಮನೆಗಿಂತ ಗೆಳೆತನ ದೊಡ್ಡದು. ಡ್ರಾಕುಲಾಗಿಂತ ಇಪ್ಪತ್ತೈದು ವರ್ಷ ಹಿಂದೆ, 1872ರಲ್ಲಿ, ಐರ್ಲೆಂಡಿನ ಶೆರಿಡನ್ ಲೆ ಫಾನು ಕಾರ್ಮಿಲ್ಲಾ ಎಂಬ ಕಥೆ ಪ್ರಕಟಿಸಿದ. ಅದರಲ್ಲಿ ಒಂಟಿಯಾಗಿ ಬೆಳೆದ ಹತ್ತೊಂಬತ್ತರ ಹುಡುಗಿಯ ಮನೆಗೆ ಅವಳದೇ ಓರಗೆಯವಳಂತೆ ಕಾಣುವ ಒಬ್ಬಳು ಅತಿಥಿಯಾಗಿ ಬರುತ್ತಾಳೆ. ಗೆಳತಿ ಸಿಕ್ಕಳೆಂದು ಇವಳು ಹಿಗ್ಗುತ್ತಾಳೆ. ಆ ಗೆಳತಿಯೇ ರಕ್ತಪಿಶಾಚಿ. ಇಂಥ ಕಥೆಗಳ ಗಟ್ಟಿ ಮಾದರಿ ಯಾವುದೆಂದು ಕೇಳಿದರೆ ನಾನು ಡ್ರಾಕುಲಾವನ್ನು ಬಿಟ್ಟು ಇದನ್ನೇ ತೋರಿಸುತ್ತೇನೆ. ಭಯ ಅಲ್ಲಿ ಸ್ನೇಹದ ಒಳಗಿದೆ.

ಆದರೆ ಹರೆಯದವರನ್ನು ರಕ್ತದಾಹದ ಎದುರು ನಿಲ್ಲಿಸಿದ ಕಥೆಗೆ ನಾವು ಐರ್ಲೆಂಡಿನವರೆಗೂ ಹೋಗಬೇಕಾಗಿಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಅಂಗಡಿ ಎಂಬ ಊರಿದೆ. ಹಿಂದಿನ ಹೆಸರು ಸೊಸೆವೂರು. ಹೊಯ್ಸಳರ ಮೂಲಸ್ಥಾನ ಅದು. ಸಳ ಎಂಬ ತರುಣ ಗುರುವಿನ ಮಾತಿನಂತೆ ಹುಲಿಯನ್ನು ಹೊಯ್ದ ಐತಿಹ್ಯ ಆ ಊರಿನದು. ಅದೇ ಹೊಯ್ಸಳರ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ 1209ರಲ್ಲಿ ಯಶೋಧರ ಚರಿತೆ ಬರೆದ. ಅದರ ಆರಂಭವೇ ಒಂದು ಭಯದ ಕಥೆ. ಚಂಡಮಾರಿಯ ಜಾತ್ರೆ. ರಕ್ತ ಬೇಡುವ ದೇವತೆ. ನರಬಲಿಗೆಂದು ತಂದ ಅಣ್ಣ ತಂಗಿ, ಅಭಯರುಚಿ ಮತ್ತು ಅಭಯಮತಿ. ಇಬ್ಬರೂ ಎಳೆಯರು. ಸುದತ್ತ ಎಂಬ ಗುರುವಿನ ಬಳಗದವರು. ಸಳನ ಐತಿಹ್ಯದ ಗುರುವಿಗೂ ಸುದತ್ತನೆಂದೇ ಹೆಸರು ಹೇಳುತ್ತಾರೆ. ಕತ್ತಿ ಹಿರಿದ ರಾಜ ಮಾರಿದತ್ತ ಅವರ ಕಣ್ಣಲ್ಲಿ ಹೆದರಿಕೆ ಕಾಣದೆ ತಡೆದು ನಿಂತು, ನೀವು ಯಾರು ಎಂದು ಕೇಳುತ್ತಾನೆ. ಅವರು ತಮ್ಮ ಹಿಂದಿನ ಹುಟ್ಟುಗಳ ಕಥೆ ಹೇಳುತ್ತಾರೆ. ಜೀವವಿರುವ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಕಥೆ ಅದು. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಈ ಒಂದು ಗಳಿಗೆಯನ್ನು ಮನಸ್ಸಿಗೆ ತಂದುಕೊಳ್ಳಿ. ಮುದ್ದೆ ಮಾಡಿ, ಕೊಕ್ಕು ರೆಕ್ಕೆ ತಿದ್ದಿ, ಬಣ್ಣ ಬಳಿದ ಹಿಟ್ಟು. ಅದರೊಳಗಿಂದ ಕೂಗು. ಕನ್ನಡದಲ್ಲಿ ಇದಕ್ಕಿಂತ ಮೈ ಜುಮ್ಮೆನ್ನಿಸುವ ಸಂಗತಿ ನನಗೆ ತಿಳಿದಂತೆ ಕಡಿಮೆ. ಕೊಲ್ಲುವ ಸಂಕಲ್ಪ ಮಾಡಿದ ಮೇಲೆ ರಕ್ತ ಹರಿಯದಿದ್ದರೂ ಅದು ಕೊಲೆಯೇ ಎಂಬುದು ಆ ಕೂಗಿನ ಅರ್ಥ. ಕೊನೆಗೆ ರಾಜ ಕತ್ತಿ ಬಿಡುತ್ತಾನೆ. ಯುರೋಪಿನ ಕಥೆಯಲ್ಲಿ ರಕ್ತಪಿಪಾಸುವಿನ ಎದೆಗೆ ಗೂಟ ಹೊಡೆಯುತ್ತಾರೆ. ಜನ್ನನ ಕಾವ್ಯದಲ್ಲಿ ಇಬ್ಬರು ಎಳೆಯರು ಕಥೆ ಹೇಳಿ ರಕ್ತದ ದಾಹವನ್ನೇ ಇಳಿಸುತ್ತಾರೆ.

ಹೇಳಿದ್ದು ಮೂರು ಮಾತು. ಭಯದ ತಿರುಳು ಗುರುತಿನ ದನಿ. ಅದರ ಹಿಂದೆ ನಿಜವಾದ ರೋಗವಿದೆ. ಎಳೆಯರ ಗೆಳೆತನವೇ ಅದರ ಅಖಾಡ. ಇದಕ್ಕೆ ಬರುವ ಆಕ್ಷೇಪಗಳನ್ನು ಈಗ ನೋಡೋಣ. ದೆವ್ವದ ಕಥೆ ಮೂಢನಂಬಿಕೆ ಬೆಳೆಸುತ್ತದೆ, ಮಕ್ಕಳಿಗೆ ಯಾಕೆ ಬೇಕು ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮರ್ಸಿ ಬ್ರೌನಳ ಹೃದಯ ಸುಟ್ಟದ್ದು ಇಂಥ ನಂಬಿಕೆಯೇ. ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ತನ್ನ ವೈದ್ಯನ ಮೂಲಕ ತನಿಖೆ ಮಾಡಿಸಿ, ಹೆಣ ತೆಗೆದು ಸುಡುವುದನ್ನು 1755ರಲ್ಲಿ ನಿಷೇಧಿಸಬೇಕಾಯಿತು. ನಮ್ಮ ರಾಜ್ಯವೂ ಅಮಾನವೀಯ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾಯ್ದೆಯನ್ನು 2017ರಲ್ಲಿ ಮಾಡಿ 2020ರಲ್ಲಿ ಜಾರಿಗೆ ತಂದಿತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಈಗ ಅಪರಾಧ. ಆದರೆ ಹೆಣ ಅಗೆದವರು ಕಥೆ ಓದಿ ಕೆಟ್ಟವರಲ್ಲ. ಅವರು ಅದನ್ನು ಕಥೆಯೆಂದು ತಿಳಿಯದೆ ಹೋದವರು. ಇದು ಕಥೆ ಎಂದು ಗೊತ್ತಿದ್ದು ಹೆದರಿದ ಮಗು, ಹೆದರಿಕೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಲು ಕಲಿಯುತ್ತದೆ. ಇನ್ನೊಂದು ಆಕ್ಷೇಪ: ನಮ್ಮಲ್ಲಿ ಚೌಡಿ, ಗುಳಿಗ, ರಕ್ತೇಶ್ವರಿಯಂಥ ದೈವಗಳು ಇರುವಾಗ ಅವರನ್ನೇ ರಕ್ತಪಿಶಾಚಿ ಮಾಡಬಹುದಲ್ಲ? ಬೇಡ ಎಂದು ಕೈಮುಗಿದು ಹೇಳುತ್ತೇನೆ. ಅವರು ಬನದಲ್ಲಿ ನೆಲೆ ಇರುವವರು. ಊರ ಎದುರು, ಹೊತ್ತು ಗೊತ್ತಿನಲ್ಲಿ, ಒಪ್ಪಂದದಂತೆ ಪಡೆದು ಪ್ರತಿಯಾಗಿ ಕಾಯುವವರು. ಗುಳಿಗ, ರಕ್ತೇಶ್ವರಿಯರಂತೂ ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬಂದವರು ತಮ್ಮ ಜೊತೆ ತಂದ ಧೈರ್ಯ. ಕದ್ದು ಬಂದು ಕುಡಿಯುವವನ ಸಾಲಿಗೆ ಅವರನ್ನು ಸೇರಿಸುವುದು ಕಥೆಯ ದೃಷ್ಟಿಯಿಂದಲೂ ತಪ್ಪು.

ಕೊನೆಯ ಆಕ್ಷೇಪ ಬರೆಯುವವರದ್ದೇ. ಪಿಶಾಚಿಯ ಹಿಂದೆ ರೋಗವಿದೆ ಎಂದ ಮೇಲೆ ರೋಮಾಂಚನ ಎಲ್ಲಿ ಉಳಿಯಿತು? ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ 1980ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಕರ್ವಾಲೊ ಕಾದಂಬರಿಯಲ್ಲಿ ಒಂದು ಹಾರುವ ಓತಿಯ ಬೆನ್ನು ಹತ್ತಿ ಹೋದವರ ಜೊತೆ ಓದುಗರೂ ಉಸಿರು ಬಿಗಿಹಿಡಿದು ಹೋದರು. ಅಲ್ಲಿ ದೆವ್ವವಿಲ್ಲ, ಕಾಡಿನ ಸತ್ಯವೇ ಸಾಕಾಯಿತು. ಇಂದಿಗೂ ಈ ಕಾಡಿನಲ್ಲಿ ರಕ್ತ ಕುಡಿದು ಕೊಲ್ಲುವ ಜೀವಿ ಇದೆ. ಅದು ಉಣುಗು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆಯನ್ನು ಹರಡುವುದು ಅದೇ. 2024ರಲ್ಲಿ ಆ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿತು. ಎಳ್ಳುಕಾಳಿನಷ್ಟು ಸಣ್ಣ ಮರಿ ಉಣುಗು ಡಿಸೆಂಬರಿನಿಂದ ಮೇ ತನಕ ತರಗೆಲೆಯಲ್ಲಿ ಕಾದಿರುತ್ತದೆ. ಕಚ್ಚಿಸಿಕೊಂಡವನಿಗೆ ಬಿಡದ ಜ್ವರ, ಸಿಡಿಯುವ ತಲೆನೋವು, ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ. ನೂರರಲ್ಲಿ ಮೂವರಿಂದ ಐವರು ಉಳಿಯುವುದಿಲ್ಲ. ಬೇಗ ಆಸ್ಪತ್ರೆಗೆ ಸೇರಿಸಿದರೆ ಬದುಕುವ ಅವಕಾಶ ಹೆಚ್ಚು.

ಹಾಗಾದರೆ ಕಥೆ ಹೀಗಿರಲಿ. ಕಾಫಿ ಕುಯ್ಲಿನ ಜನವರಿ ತಿಂಗಳು. ನಾಲ್ವರು ಗೆಳೆಯರು. ಒಬ್ಬನಿಗೆ ಜ್ವರ. ಅವನ ತುಟಿಯ ಅಂಚಿನಲ್ಲಿ ರಕ್ತ ಕಂಡವರಿದ್ದಾರೆ. ಕಾಡಿನಲ್ಲಿ ಏನೋ ಮೆಟ್ಟಿಕೊಂಡಿತು, ಅವನು ಈಗ ಅವನಲ್ಲ, ಕರೆದರೆ ಓಗೊಡಬೇಡಿ ಎಂದು ಲೈನಿನ ತುಂಬ ಗುಸುಗುಸು. ನಡುರಾತ್ರಿ ಆ ಹುಡುಗ ಜ್ವರದಲ್ಲಿ ತಡವರಿಸುತ್ತ ಬಂದು ಗೆಳೆಯನ ಬಾಗಿಲು ಬಡಿಯುತ್ತಾನೆ. ಬಾಗಿಲಿನ ಈಚೆ ಮೂವರು ಉಸಿರು ಹಿಡಿದು ಕೂತಿದ್ದಾರೆ. ಹೊರಗಿರುವುದು ಪಿಶಾಚಿಯೋ ಗೆಳೆಯನೋ? ತೆಗೆದರೆ ತಾವು ಸಾಯಬಹುದು. ತೆಗೆಯದಿದ್ದರೆ ಅವನು ಬೆಳಗಿನತನಕ ಉಳಿಯಲಾರ. ನನ್ನ ಮಟ್ಟಿಗೆ ಕಾಫಿ ಸೀಮೆಯ ರಕ್ತಪಿಶಾಚಿ ಕಥೆ ಈ ಬಾಗಿಲಿನಲ್ಲಿದೆ.

ಬರೆಯುವ ಎಳೆಯ ಗೆಳೆಯರೇ, ಇದನ್ನು ನಿಮ್ಮ ಊರಿನ ಮಾತಿನಲ್ಲಿ, ನಿಮ್ಮ ತೋಟದ ಹೆಸರಿಟ್ಟು ಬರೆಯಿರಿ. ಎಷ್ಟು ಹೆದರಿಸಬೇಕೋ ಅಷ್ಟು ಹೆದರಿಸಿ. ಅವನು ಒಂದು ಸಲ ಕರೆಯಲಿ, ಎರಡು ಸಲ ಕರೆಯಲಿ. ಮೂರನೆಯ ಸಲ ಕರೆದಾಗ ಮಾತ್ರ ದಯವಿಟ್ಟು ಬಾಗಿಲು ತೆಗೆಸಿ.